ಬರವನ್ನು ಓದುವ ಬಗೆ: ದಖ್ಖನಿನ ಮಳೆ, ಕೆರೆ ಮತ್ತು ಕಾವಲು

ಕ್ರಿ.ಶ. 1300ರ ಸುಮಾರಿನಲ್ಲಿ ರಟ್ಟಕವಿಯೆಂಬ ಜೈನ ಕವಿಯು 'ರಟ್ಟಮತ'ವೆಂಬ ಗ್ರಂಥವನ್ನು ರಚಿಸಿದನು. ಮಳೆ, ಮಿಂಚು, ಭೂಕಂಪ, ಗ್ರಹಚಾರ, ಶಕುನ ಮುಂತಾದವು ಅದರ ವಸ್ತು. ಅದಕ್ಕೂ ಸುಮಾರು ಮುನ್ನೂರು ವರ್ಷಗಳ ಹಿಂದೆ, ಚಾಲುಕ್ಯ ಜಯಸಿಂಹನ ಆಳ್ವಿಕೆಯಲ್ಲಿ, ಎರಡನೆಯ ಚಾವುಂಡರಾಯನು ತನ್ನ 'ಲೋಕೋಪಕಾರ'ದಲ್ಲಿ ಮಳೆಯ ಲಕ್ಷಣಗಳಿಗೂ ನೆಲದೊಳಗಣ ನೀರನ್ನು ಅರಸುವ ಉದಕಾರ್ಗಳಕ್ಕೂ ವೃಕ್ಷಾಯುರ್ವೇದಕ್ಕೂ ಪ್ರತ್ಯೇಕ ಸ್ಥಾನ ಕೊಟ್ಟಿದ್ದನು. ನಮ್ಮ ಸಾಹಿತ್ಯಚರಿತ್ರೆಗಳು ಈ ಎರಡು ಕೃತಿಗಳನ್ನೂ 'ಶಾಸ್ತ್ರಗ್ರಂಥಗಳು' ಎಂಬ ತಲೆಬರಹದಡಿ ನಾಲ್ಕಾರು ವಾಕ್ಯಗಳಲ್ಲಿ ಮುಗಿಸಿಬಿಡುತ್ತವೆ. ಕಾವ್ಯಗುಣದ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ ಹವಾಮಾನದ ಬದಲಾವಣೆಯು ಪ್ರಕೃತಿಯನ್ನೂ ಪ್ರಾಣಿಸಂಕುಲವನ್ನೂ ಮನುಷ್ಯಸಮಾಜವನ್ನೂ ಹೇಗೆ ಬಾಧಿಸುತ್ತದೆಂಬ ಪ್ರಶ್ನೆ ಇಂದು ಎಲ್ಲ ಶಾಸ್ತ್ರಗಳ ಮುಂದೆಯೂ ನಿಂತಿರುವಾಗ, ಈ ವಿಷಯದಲ್ಲಿ ಕನ್ನಡದ ಹಳೆಯ ಆಕರಗಳು ಏನು ಹೇಳಬಲ್ಲವು, ಏನು ಹೇಳಲಾರವು ಎಂಬುದನ್ನು ಪರಿಶೀಲಿಸುವ ಹೊಣೆ ನಮ್ಮದೂ ಆಗಿದೆ. ಪ್ರಸ್ತುತ ಲೇಖನವು ದಖ್ಖನ್ ಪ್ರಸ್ಥಭೂಮಿಯನ್ನು ಮಾತ್ರ ಗಮನದಲ್ಲಿಟ್ಟುಕೊಂಡು ಅಂಥದೊಂದು ಪ್ರಯತ್ನವನ್ನು ಮಾಡುತ್ತದೆ.

ಮೊದಲಿಗೆ ಒಂದು ತೊಡಕನ್ನು ಒಪ್ಪಿಕೊಳ್ಳಬೇಕು. ಶಾಸನಗಳು ಬರವನ್ನು ಹೇಳುವುದು ಬಹಳ ವಿರಳ. ದಾನ, ವಿಜಯ, ಕಟ್ಟಿಸಿದ ಕೆರೆ ಇವನ್ನು ಶಾಸನ ಹೇಳುತ್ತದೆ. ಬಾರದ ಮಳೆಯನ್ನು ಕಲ್ಲಿನಲ್ಲಿ ಕೊರೆಸುವವರು ಯಾರು? ನಾನು ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ಶಾಸನಗಳ ಪ್ರಶಸ್ತಿಭಾಗವನ್ನು ಶ್ರದ್ಧೆಯಿಂದ ಓದಿ, ಗದ್ದೆಯ ಎಲ್ಲೆ, ಕೆರೆಯ ತೂಬು, ಬಿತ್ತುವಟ್ಟ ಇತ್ಯಾದಿ ವಿವರಗಳು ಬಂದೊಡನೆ ಪುಟ ತಿರುವುತ್ತಿದ್ದೆ. ಬರದ ಚರಿತ್ರೆ ಇರುವುದು ಆ ತಿರುವಿಹಾಕಿದ ಪುಟಗಳಲ್ಲಿಯೇ ಎಂಬುದು ಬಹಳ ತಡವಾಗಿ ತಿಳಿಯಿತು.

ಬರವು ನೇರವಾಗಿ ಹೆಸರುಗೊಳ್ಳುವ ಕಡೆಗಳಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ. ಶ್ರವಣಬೆಳಗೊಳದ ಸುಮಾರು ಆರು–ಏಳನೆಯ ಶತಮಾನದ ಶಾಸನವೊಂದು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ಕ್ಷಾಮವುಂಟಾಗುವುದೆಂದು ಭದ್ರಬಾಹು ನುಡಿದುದನ್ನೂ ಸಂಘವು ದಕ್ಷಿಣಕ್ಕೆ ಹೊರಟುದನ್ನೂ ಹೇಳುತ್ತದೆ. 'ವಡ್ಡಾರಾಧನೆ'ಯ ಭದ್ರಬಾಹು ಭಟಾರರ ಕಥೆಯಲ್ಲಿಯೂ ಆ ಹನ್ನೆರಡು ವರ್ಷವೇ ಇದೆ. ದಖ್ಖನಿನ ಅತ್ಯಂತ ಭೀಕರ ಮಧ್ಯಕಾಲೀನ ಬರವೆಂದು ಖ್ಯಾತವಾದ ದುರ್ಗಾದೇವಿ ಬರವು 1396ರಲ್ಲಿ ಆರಂಭವಾಗಿ ಹನ್ನೆರಡು ವರ್ಷ ಇದ್ದಿತೆಂದು ಮರಾಠಿ ಐತಿಹ್ಯಗಳ ಆಧಾರದ ಮೇಲೆ ಗ್ರ್ಯಾಂಟ್ ಡಫ್ 1826ರಲ್ಲಿ ಪ್ರಕಟವಾದ ತನ್ನ ಮರಾಠರ ಇತಿಹಾಸದಲ್ಲಿ ಬರೆದನು. ಹೀಗೆ ಎಲ್ಲ ಬರಗಳೂ ಹನ್ನೆರಡು ವರ್ಷದವೇ ಆಗುವಾಗ, ಆ ಸಂಖ್ಯೆಯನ್ನು ಕಥನರೂಢಿಯೆಂದು ಬದಿಗೊತ್ತುವುದು ವಿದ್ವಾಂಸನಿಗೆ ಸಹಜ. ನಾನೂ ಹಾಗೆಯೇ ಮಾಡುತ್ತಿದ್ದೆ.

ಈ ಅಭಿಪ್ರಾಯವನ್ನು ಸಡಿಲಿಸಿದ್ದು ಒಂದು ಗುಹೆ. ಛತ್ತೀಸಗಢದ ಬಸ್ತರ್ ಪ್ರಾಂತದಲ್ಲಿ ದಂಡಕ ಗುಹೆಯಿದೆ. ಚಾವಣಿಯಿಂದ ತೊಟ್ಟಿಕ್ಕುವ ಸುಣ್ಣದ ನೀರು ನೆಲದ ಮೇಲೆ ಪದರ ಪದರವಾಗಿ ಗಟ್ಟಿಗೊಂಡು ಕಂಬವಾಗಿ ಬೆಳೆಯುತ್ತದೆ. ಆ ಪದರಗಳಲ್ಲಿರುವ ಆಮ್ಲಜನಕದ ಹಗುರ ಮತ್ತು ಭಾರ ರೂಪಗಳ ಪ್ರಮಾಣದಿಂದ ಮುಂಗಾರಿನ ಬಲಾಬಲವನ್ನೂ, ಯುರೇನಿಯಂ–ಥೋರಿಯಂ ವಿಧಾನದಿಂದ ಪದರದ ಕಾಲವನ್ನೂ ನಿರ್ಣಯಿಸಬಹುದು. 2007ರಲ್ಲಿ ಪ್ರಕಟವಾದ ಈ ಗುಹೆಯ ಅಧ್ಯಯನವು ಕ್ರಿ.ಶ. 600ರಿಂದ 1500ರವರೆಗಿನ ಅವಧಿಯನ್ನು ಒಳಗೊಂಡಿದೆ. ಅದರ ಪ್ರಕಾರ ಹದಿನಾಲ್ಕನೆಯ ಶತಮಾನದ ಮಧ್ಯದಿಂದ ಹದಿನೈದನೆಯ ಶತಮಾನದ ಮಧ್ಯದವರೆಗೆ ಮುಂಗಾರು ಮತ್ತೆ ಮತ್ತೆ, ಕೆಲವೊಮ್ಮೆ ದಶಕಗಳ ಕಾಲ, ಕ್ಷೀಣವಾಗಿತ್ತು. ಬಸ್ತರ್ ರಾಯಚೂರಲ್ಲ, ನಿಜ. ಆದರೂ ಮುಂಗಾರಿನ ನಡುನಾಡಿನಲ್ಲಿ ಬೆಳೆದ ಈ ಕಂಬವು ದುರ್ಗಾದೇವಿಯ ಐತಿಹ್ಯಕ್ಕೆ ಬೆನ್ನೆಲುಬನ್ನು ಒದಗಿಸುತ್ತದೆ. ಹನ್ನೆರಡು ಎಂಬುದು ಲೆಕ್ಕವಲ್ಲದಿರಬಹುದು. ಒಂದು ತಲೆಮಾರು ಬಾಳಿನ ಮೇಲಿನ ಭರವಸೆಯನ್ನೇ ಕಳೆದುಕೊಳ್ಳುವಷ್ಟು ದೀರ್ಘವಾದ ಕಾಲವೆಂಬುದಕ್ಕೆ ಅದು ಸಂಜ್ಞೆಯಾಗಿತ್ತೆಂದು ಈಗ ನನಗೆ ತೋರುತ್ತದೆ.

ಈ ನೂರು ವರ್ಷಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನೀರಿನ ಶಾಸನಗಳನ್ನು ಕಾಲಾನುಕ್ರಮದಲ್ಲಿ ಇಟ್ಟು ನೋಡಿದರೆ ಅವು ಬೇರೊಂದು ಅರ್ಥವನ್ನು ಕೊಡತೊಡಗುತ್ತವೆ. 1369ರಲ್ಲಿ ಬುಕ್ಕನ ಮಗ ಭಾಸ್ಕರ ಭವದೂರನು ಕಡಪ ಪ್ರಾಂತದ ಪೋರುಮಾಮಿಳ್ಳದಲ್ಲಿ ದೊಡ್ಡ ಕೆರೆ ಕಟ್ಟಿಸಿದನು. ಆ ಸಂಸ್ಕೃತ ಶಾಸನವು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸಿ, ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದುದನ್ನು ಹೇಳುತ್ತದೆ. 1388ರಲ್ಲಿ ಪೆನುಗೊಂಡೆಯನ್ನು ಆಳುತ್ತಿದ್ದ ಪ್ರತಾಪ ಬುಕ್ಕನು ಪ್ರಜೆಗಳಿಗೆ ನೀರೇ ಜೀವವೆಂದು ಬಗೆದು, ಜಲಸೂತ್ರದ ಸಿಂಗಯಭಟ್ಟನಿಗೆ ಹೆನ್ನೆಯ ಹೊಳೆಯನ್ನು ಕಾಲುವೆಯಲ್ಲಿ ತರುವಂತೆ ಆಜ್ಞಾಪಿಸಿದುದನ್ನು ಗೌರಿಬಿದನೂರು ಸೀಮೆಯ ಕನ್ನಡ ಶಾಸನವು ತಿಳಿಸುತ್ತದೆ. ಮುಂದೆ ಒಂದನೆಯ ದೇವರಾಯನು ತುಂಗಭದ್ರೆಗೆ ಅಣೆ ಕಟ್ಟಿ ನಗರಕ್ಕೆ ಕಾಲುವೆ ತಂದನು. 1410ರಲ್ಲಿ ಹರಿಹರದ ಬಳಿ ಹರಿದ್ರಾ ನದಿಗೆ ಕಟ್ಟೆ ಕಟ್ಟಲಾಯಿತು. ಅದು ಒಡೆದು, 1424ರಲ್ಲಿ ದುರಸ್ತಿಗೊಂಡಿತು.

ಇಲ್ಲಿ ಒಂದು ಪಲ್ಲಟವನ್ನು ಗುರುತಿಸಬಹುದು. ಸ್ಥಳದ ಮಳೆಯನ್ನು ಹಿಡಿದಿಡುವ ಕೆರೆ ಒಂದು ವರ್ಷದ ಕೊರತೆಯನ್ನು ತಡೆದೀತು. ಎರಡು ವರ್ಷ ಮಳೆ ತಪ್ಪಿದರೆ ಕೆರೆಯೇ ಬಯಲು. ತುಂಗಭದ್ರೆಯ ನೀರಾದರೋ ಹಂಪೆಯ ಮಳೆಯನ್ನು ನೆಚ್ಚಿದುದಲ್ಲ. ಅದು ಸಹ್ಯಾದ್ರಿಯ ಮಳೆ. ಬಯಲುಸೀಮೆಯಲ್ಲಿ ಹತ್ತು ವರ್ಷಕ್ಕೆ ನಾಲ್ಕು ವರ್ಷ ಮೋಡ ಮೋಸ ಮಾಡಿದರೂ ಮಲೆನಾಡು ಅಷ್ಟಾಗಿ ಕೈಬಿಡುವುದಿಲ್ಲ. ದೂರದ ನಿಶ್ಚಿತ ಮಳೆಯನ್ನು ಅನಿಶ್ಚಿತ ಮಳೆಯ ನಾಡಿಗೆ ತರುವ ಈ ವಿದ್ಯೆ ಬಲಗೊಂಡದ್ದು ಮುಂಗಾರು ಕ್ಷೀಣಿಸಿದ ಕಾಲದಲ್ಲಿಯೇ ಎಂಬುದು ಕಾಕತಾಳೀಯವಲ್ಲವೆಂದು ನನ್ನ ಊಹೆ. ಊಹೆಯೆಂದೇ ಹೇಳುತ್ತೇನೆ, ಹೊಸ ರಾಜಧಾನಿಯ ಅಗತ್ಯ, ಸೇನೆಯ ಅನ್ನ, ಧರ್ಮಬುದ್ಧಿ ಇವೂ ಕಾರಣಗಳಾಗಿದ್ದವು. ಎಲ್ಲವನ್ನೂ ಮಳೆಯಿಂದ ವಿವರಿಸುವ ಚಪಲ ಈಚಿನ ಬರಹಗಳಲ್ಲಿ ಹೆಚ್ಚುತ್ತಿದೆ. ಅದೂ ಒಂದು ಬಗೆಯ ಗ್ರಹಚಾರವಾದವೇ.

ಕೃಷ್ಣೆಯ ಉತ್ತರಕ್ಕೆ ಚಿತ್ರ ಬೇರೆ. ಬಹಮನಿ ಸುಲ್ತಾನ ಎರಡನೆಯ ಮುಹಮ್ಮದ ಶಾಹನು (1378–97) ಕ್ಷಾಮಕಾಲದಲ್ಲಿ ಹತ್ತು ಸಾವಿರ ಎತ್ತುಗಳನ್ನು ಮಾಳವ ಮತ್ತು ಗುಜರಾತಿಗೆ ಕಳುಹಿಸಿ ಧಾನ್ಯ ತರಿಸಿ ಅಗ್ಗವಾಗಿ ಮಾರಿಸಿದನೆಂದೂ ಅನಾಥ ಮಕ್ಕಳಿಗೆ ಶಾಲೆಗಳನ್ನು ತೆರೆದನೆಂದೂ ಫಿರಿಸ್ತಾ ಬರೆಯುತ್ತಾನೆ. ಆದರೆ ಅವನ ತರುವಾಯ ಆ ಸೀಮೆ ಪಾಳುಬಿದ್ದು, ಮೂವತ್ತು ವರ್ಷಕ್ಕೂ ಮೀರಿ ಕಂದಾಯ ಹುಟ್ಟದೆ, ಕೋಟೆಗಳು ಪಾಳೆಯಗಾರರ ವಶವಾದುವೆಂದು ಗ್ರ್ಯಾಂಟ್ ಡಫ್ ಹೇಳುತ್ತಾನೆ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನು ನುಣುಪಾದ ಕಲ್ಲಿನ ಕಾಲುವೆಗಳಲ್ಲಿ ಹರಿಯುವ ನೀರನ್ನು ಬಣ್ಣಿಸಿದರೆ, ಆ ಮೇಲೆ ಬೀದರಿಗೆ ಬಂದ ರಷ್ಯನ್ ವರ್ತಕ ನಿಕಿತಿನ್ ಶ್ರೀಮಂತರ ವೈಭವವನ್ನೂ ಹಳ್ಳಿಗರ ಬಡತನವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಇಬ್ಬರೂ ಪರಸ್ಥಳದವರು, ಇಬ್ಬರ ಆಸಕ್ತಿಯೂ ಬೇರೆ. ಆದ್ದರಿಂದ ಹೋಲಿಕೆಯನ್ನು ಎಳೆದಾಡಬಾರದು.

ಪುಣೆ, ಸೊಲ್ಲಾಪುರಗಳ ಓದುಗರಿಗೆ ಮಂಗಳವೇಡೆಯ ದಾಮಾಜಿಪಂತನನ್ನು ಪರಿಚಯಿಸಬೇಕಾಗಿಲ್ಲ. ಕಳಚುರ್ಯರ ರಾಜಧಾನಿಯಾಗಿದ್ದ, ಬಸವಣ್ಣನವರ ಹೆಸರಿನೊಡನೆ ಹೆಣೆದುಕೊಂಡ ಆ ಊರಿನಲ್ಲಿ, ಹದಿನೈದನೆಯ ಶತಮಾನದ ನಡುವೆ ಬಂದ ಬರದಲ್ಲಿ, ದಾಮಾಜಿಯು ಬೀದರಿನ ಅರಸನ ಕಣಜಗಳನ್ನು ಅಪ್ಪಣೆಯಿಲ್ಲದೆ ತೆರೆದು ಜನರಿಗೆ ಹಂಚಿದನು; ಅರಸನು ಲೆಕ್ಕ ಕೇಳಿದಾಗ ಪಂಢರಪುರದ ವಿಠ್ಠಲನೇ ಮಹಾರನ ವೇಷದಲ್ಲಿ ಹೋಗಿ ಹಣ ತೆತ್ತನೆಂದು ಸಂತಕಥೆ. ಪವಾಡವನ್ನು ಬಿಟ್ಟರೂ ಕಥೆಯ ಒಡಲಲ್ಲೊಂದು ಸಾಮಾಜಿಕ ಸತ್ಯವಿದೆ: ಊರಿನಲ್ಲಿ ಕಾಳು ಇತ್ತು, ಅಪ್ಪಣೆ ಇರಲಿಲ್ಲ. ಅದೇ ಸೀಮೆಯ ಸೊನ್ನಲಿಗೆಯಲ್ಲಿ ಅದಕ್ಕೂ ಮುನ್ನೂರು ವರ್ಷ ಹಿಂದೆ ಸಿದ್ಧರಾಮನು ಕೆರೆ ತೋಡಿಸಿದುದನ್ನು ರಾಘವಾಂಕನು ಕಾವ್ಯವಾಗಿಸಿದನು. ನೀರಿಗೆ ಕಾವ್ಯ ಸಿಕ್ಕಿತು; ಕಣಜಕ್ಕೆ ಸಿಕ್ಕಿದ್ದು ಐತಿಹ್ಯ ಮಾತ್ರ.

ಅಪ್ಪಣೆಯ ಈ ಪ್ರಶ್ನೆ ಮುಂದಿನ ಬರಗಳಲ್ಲಿಯೂ ಬೆನ್ನುಬಿಡಲಿಲ್ಲ. ಸತ್ತವರನ್ನು ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದವೆಂದು ಗೆಜೆಟಿಯರುಗಳು 'ಡೋಜಿ ಬರ'ವೆಂಬ ಹೆಸರಿನಲ್ಲಿ ದಾಖಲಿಸಿದ 1791–92ರ ಕ್ಷಾಮವನ್ನು ಹೆಸರಿಸಿ ಮುಂದುವರಿಯುತ್ತೇನೆ. 1876–78ರದು ಧಾತು ಮತ್ತು ಈಶ್ವರ ಸಂವತ್ಸರಗಳ ಬರ. ಶಾಂತಸಾಗರದ ಮೇಲ್ಮೈ ಬಿಸಿಯಾಗುವ ಎಲ್ ನಿನೊ ಪ್ರಬಲವಾಗಿದ್ದ ಆ ವರ್ಷಗಳಲ್ಲಿ ಭಾರತ, ಚೀನ, ಬ್ರೆಜಿಲ್‌ಗಳಲ್ಲಿ ಒಟ್ಟಿಗೇ ಮಳೆ ತಪ್ಪಿತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50,55,412 ಇದ್ದುದು 1881ರಲ್ಲಿ 41,86,188ಕ್ಕೆ ಇಳಿಯಿತು. ಹತ್ತು ವರ್ಷ ಮೊದಲು, 1866ರಲ್ಲಿ, ಚೀಫ್ ಎಂಜಿನಿಯರ್ ಸ್ಯಾಂಕಿಯು ಈ ನಾಡಿನಲ್ಲಿ ಹೊಸದೊಂದು ಕೆರೆಗೆ ಜಾಗ ಹುಡುಕುವುದೇ ಕಷ್ಟವೆನ್ನುವಷ್ಟು ಕೆರೆಗಳಿವೆಯೆಂದು ಬೆರಗಾಗಿದ್ದನು. ಅಷ್ಟು ಕೆರೆಗಳ ನಾಡು ಎರಡೇ ವರ್ಷಗಳ ಬರಕ್ಕೆ ತನ್ನ ಜನರಲ್ಲಿ ಆರರಲ್ಲೊಂದು ಪಾಲನ್ನು ಕಳೆದುಕೊಂಡಿತು. ಗುಹೆಯ ಕಂಬ ತೋರುವ ದೀರ್ಘಕಾಲದ ಶುಷ್ಕತೆಯೊಡನೆ ಹೋಲಿಸಿದರೆ ಪ್ರಕೃತಿಯ ಪೆಟ್ಟು ಅಲ್ಪಾವಧಿಯದು. ಆದರೆ ಕಂದಾಯ ನಗದಾಗಿತ್ತು, ಧಾನ್ಯ ಬೆಲೆಯ ಹಿಂದೆ ಹೋಗುತ್ತಿತ್ತು. ರೈಲು ಬೆಂಗಳೂರನ್ನು 1864ರಲ್ಲಿಯೇ ಮುಟ್ಟಿದ್ದರೂ ಅಲ್ಲಿಂದಾಚೆಗೆ ಎತ್ತಿನ ಗಾಡಿಯೇ ಗತಿ; ಧಾರವಾಡ, ಕಲಾದಗಿಗಳಿಗೆ ರೈಲೇ ಇರಲಿಲ್ಲ. ಮೇವಿಲ್ಲದೆ ಎತ್ತುಗಳೂ ಸಾಯುತ್ತಿದ್ದವು. ಬಹಮನಿ ಸುಲ್ತಾನನ ಹತ್ತು ಸಾವಿರ ಎತ್ತುಗಳ ಮಾತು ಇಲ್ಲಿ ನೆನಪಾಗದಿರದು.

ಎತ್ತಿನ ಮಾತು ಬಂದುದರಿಂದ ಹುಲ್ಲಿನ ಮಾತನ್ನೂ ಹೇಳಬೇಕು. ಬರದ ಚರಿತ್ರೆಯಲ್ಲಿ ಕೆರೆಗೆ ದೊರೆತ ಗೌರವದ ನೂರರಲ್ಲೊಂದು ಪಾಲೂ ಕಾವಲಿಗೆ ದೊರೆತಿಲ್ಲ. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು. ಅದರ ಹುಲ್ಲುಗಾವಲುಗಳು ಬೇಸಗೆ, ಮಳೆಗಾಲ, ಚಳಿಗಾಲಗಳಿಗೆಂದು ವಿಂಗಡವಾಗಿದ್ದವು. ಒಂದು ಕಡೆ ಒಣಗಿದರೆ ಮಂದೆ ಇನ್ನೊಂದು ಕಡೆಗೆ. ಮಳೆಯ ಏರುಪೇರನ್ನು ಮೊದಲೇ ಲೆಕ್ಕಕ್ಕೆ ಹಿಡಿದ ವ್ಯವಸ್ಥೆಯಿದು. ಕೃಷ್ಣಮೃಗ, ತೋಳ, ಎರ್ಲಡ್ಡು ಹಕ್ಕಿಗಳು ಇಂಥ ಹುಲ್ಲಿನಲ್ಲಿಯೇ ಬಾಳಿದವು. ಆತಕೂರಿನ ಕಲ್ಲಿನಲ್ಲಿ ಕಾಳಿಯೆಂಬ ನಾಯಿಯೊಡನೆ ಹೋರಿ ಸತ್ತ ಹಂದಿಯಿಂದ ಮೊದಲ್ಗೊಂಡು ವೀರಗಲ್ಲುಗಳ ಹುಲಿಗಳವರೆಗೆ ಶಾಸನಗಳಲ್ಲಿ ಕಾಡುಪ್ರಾಣಿಗಳಿಗೆ ಕೊರತೆಯಿಲ್ಲ. ಕಾದಾಡದ ಪ್ರಾಣಿಗೆ ಮಾತ್ರ ಕಲ್ಲು ದೊರೆಯಲಿಲ್ಲ. ಎರ್ಲಡ್ಡು ಇಂದು ಕರ್ನಾಟಕದಲ್ಲಿ ಬಳ್ಳಾರಿಯ ಸಿರುಗುಪ್ಪದ ಎರೆಭೂಮಿಯಲ್ಲಿ ಬೆರಳೆಣಿಕೆಯಷ್ಟು ಉಳಿದಿದೆ. ರಾಣೆಬೆನ್ನೂರಿನ ಹುಲ್ಲುಬಯಲಲ್ಲಿ ನೀಲಗಿರಿ ನೆಟ್ಟರು. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಬಹುಭಾಗ ರಕ್ಷಣೆ ಮತ್ತು ವಿಜ್ಞಾನದ ಸಂಸ್ಥೆಗಳಿಗೆ ಹೋಯಿತು. ಅಲ್ಲಿ ಕಾಣಿಸಿಕೊಂಡ ಲೆಸ್ಸರ್ ಫ್ಲೋರಿಕನ್ ಎಂಬ ಹಕ್ಕಿ ಗುಜರಾತ, ರಾಜಸ್ಥಾನಗಳ ಹುಲ್ಲಿನಲ್ಲಿ ಮುಂಗಾರಿನೊಡನೆ ಮರಿಮಾಡಿ, ಉಳಿದ ಕಾಲದಲ್ಲಿ ದಖ್ಖನಿನ ಕಡೆಗೆ ಚದರುವಂಥದು. ಮಳೆ ತಪ್ಪಿದ ವರ್ಷ ಅದರ ಸಂತಾನವೂ ತಪ್ಪುತ್ತದೆ. ಇನ್ನೊಂದೆಡೆಗೆ ಹೋಗೋಣವೆಂದರೆ ಆ ಇನ್ನೊಂದೆಡೆಯೇ ಇಲ್ಲ.

ವರ್ತಮಾನದ ಅಂಕಿಅಂಶಗಳು ಸಂಕ್ಷೇಪವಾಗಿ ಸಾಕು. ಭಾರತದ ಸರಾಸರಿ ಉಷ್ಣತೆ 1901ರಿಂದ 2018ರವರೆಗೆ ಸುಮಾರು 0.7 ಡಿಗ್ರಿ ಸೆಲ್ಸಿಯಸ್ ಏರಿತೆಂದೂ, 1951ರಿಂದ 2015ರವರೆಗೆ ಮುಂಗಾರು ಮಳೆ ಸುಮಾರು ಶೇಕಡಾ 6ರಷ್ಟು ತಗ್ಗಿತೆಂದೂ ಭಾರತ ಸರ್ಕಾರದ ಭೂವಿಜ್ಞಾನ ಮಂತ್ರಾಲಯದ 2020ರ ವರದಿ ಹೇಳುತ್ತದೆ. ಆ ಇಳಿತ ಎದ್ದುಕಾಣುವುದು ಗಂಗಾ ಬಯಲಿನಲ್ಲಿ ಮತ್ತು ಪಶ್ಚಿಮಘಟ್ಟಗಳಲ್ಲಿ. ಇದು ಕೇವಲ ಒಂದು ಅಂಕಿಯಲ್ಲ. ದೇವರಾಯನ ಕಾಲುವೆಗಳು ಯಾವ ಮಳೆಯ ನಿಶ್ಚಿತತೆಯನ್ನು ನೆಚ್ಚಿದ್ದವೋ, ಹಂಪೆಯ ಬಾಳೆ, ಭತ್ತಗಳಿಗೆ ಆ ಹಳೆಯ ಕಾಲುವೆಗಳು ಇಂದಿಗೂ ಯಾವ ನೀರನ್ನು ಉಣಿಸುತ್ತಿವೆಯೋ, ಆ ಮಳೆಯೇ ಈಗ ಅಲುಗಾಡುತ್ತಿದೆ. ಹದಿನೈದನೆಯ ಶತಮಾನದ ಉತ್ತರ ನಮ್ಮ ಕಾಲಕ್ಕೆ ಇದ್ದಂತೆಯೇ ಒದಗದು. ಮಳೆಯ ಲಯವೂ ಕೆಟ್ಟಿದೆ. ರೋಹಿಣಿ, ಮೃಗಶಿರ, ಆರಿದ್ರೆ ಎಂದು ಹದಿಮೂರು ಹದಿನಾಲ್ಕು ದಿನಗಳ ನಕ್ಷತ್ರಗಳಿಗೆ ಬಿತ್ತನೆಯನ್ನು ಹೊಂದಿಸಿದ ರೈತನಿಗೆ, ತಿಂಗಳ ಮಳೆ ಎರಡು ದಿನಗಳಲ್ಲಿ ಸುರಿದರೆ ಒಟ್ಟು ಮೊತ್ತ ಸರಿಯಿದ್ದೂ ಬೆಳೆ ಇರುವುದಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆಯ ದಂಡೆಯ ಊರುಗಳು ಮುಳುಗಿದವು. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. ಅದರ ಮರುವರ್ಷವೇ, 2024ರ ಆಗಸ್ಟಿನಲ್ಲಿ, ತುಂಬಿದ್ದ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋಯಿತು. 1410ರಲ್ಲಿ ಕಟ್ಟಿ 1424ರಲ್ಲಿ ಮತ್ತೆ ಕಟ್ಟಬೇಕಾದ ಹರಿಹರದ ಕಟ್ಟೆಯನ್ನು ಓದಿದವರಿಗೆ, ಬರದ ಕಾಲದಲ್ಲಿಯೇ ನೆರೆಯೂ ಬರುವುದೆಂಬುದು ಹೊಸ ಸಂಗತಿಯಲ್ಲ.

ಹೊರನಾಡಿನ ಕನ್ನಡ ವಿಭಾಗಗಳ ಸಂಶೋಧಕರಿಗೆ ಇಲ್ಲಿ ಒಂದು ಕೆಲಸ ಕಾದಿದೆ. ಸೊಲ್ಲಾಪುರ, ಅನಂತಪುರ, ಕರ್ನೂಲು ಪ್ರದೇಶಗಳ ಕನ್ನಡ ಶಾಸನಗಳನ್ನು ರಾಜವಂಶಕ್ಕಾಗಿ ಓದಿದ್ದೇವೆ, ಮತಕ್ಕಾಗಿ ಓದಿದ್ದೇವೆ, ಭಾಷೆಗಾಗಿ ಓದಿದ್ದೇವೆ. ಕೆರೆ ಒಡೆದುದು, ಹೂಳೆತ್ತಿದುದು, ತೂಬು ಬದಲಿಸಿದುದು, ತೆರಿಗೆ ಮನ್ನಾ ಮಾಡಿದುದು, ಪಾಳುಬಿದ್ದ ಊರಿಗೆ ಒಕ್ಕಲನ್ನು ಮರಳಿ ಕರೆತಂದುದು ಇವುಗಳನ್ನು ಮಾತ್ರ ಹೆಕ್ಕಿ, ಸಂವತ್ಸರವಾರು ಪಟ್ಟಿಮಾಡಿ, ಗುಹೆಯ ಪದರಗಳ ಪಕ್ಕದಲ್ಲಿಟ್ಟು ನೋಡಬೇಕು. ಮೇಲೆ ನಾನು ಮಂಡಿಸಿದ ಊಹೆ ಆ ಪಟ್ಟಿಯ ಮುಂದೆ ನಿಲ್ಲದೆ ಹೋಗಬಹುದು. 1350 ಮತ್ತು 1450ರ ನಡುವಣ ಶಾಸನಗಳಿಂದಲೇ ಆರಂಭಿಸುವುದು ಯುಕ್ತ.