ಹೆಸರು ಬದಲಾದರೂ ಹೋಗದ ಅಂಜಿಕೆ

ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದ ಸೀಮೆಯಲ್ಲಿ ‘ಇವನನ್ನು ಧಾರವಾಡಕ್ಕೆ ಕಳಿಸಬೇಕು’ ಎಂಬ ಮಾತು ಚೇಷ್ಟೆಯೂ ಹೌದು, ಬೈಗುಳವೂ ಹೌದು. ಇದರ ಮೂಲ 1845ರಲ್ಲಿ ಧಾರವಾಡದಲ್ಲಿ ಆರಂಭವಾದ ಹುಚ್ಚರ ಆಸ್ಪತ್ರೆ. ಆ ಕಾಲದ ಇಂಥ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಿಂತ ಕಾವಲೇ ಹೆಚ್ಚು. ತಕ್ಕ ಔಷಧವೇ ಆಗ ಇರಲಿಲ್ಲ.

ಸ್ಕಿಜೋಫ್ರೇನಿಯಾ ಎಂಬ ಹೆಸರನ್ನು 1908ರಲ್ಲಿ ಕೊಟ್ಟವನು ಸ್ವಿಟ್ಜರ್‌ಲೆಂಡಿನ ವೈದ್ಯ ಯೂಜೆನ್ ಬ್ಲಾಯ್ಲರ್. ಗ್ರೀಕ್ ಮೂಲದ ಈ ಪದದ ಅರ್ಥ ‘ಸೀಳಿದ ಮನಸ್ಸು’. ವಿಚಾರ, ಭಾವನೆಗಳ ಹೊಂದಾಣಿಕೆ ತಪ್ಪುವುದನ್ನು ಆತ ಹೀಗೆ ಕರೆದ. ಜನ ಮಾತ್ರ ಒಬ್ಬನೊಳಗೆ ಇಬ್ಬರು ಮನುಷ್ಯರು ಎಂದು ತಿಳಿದರು. ಕನ್ನಡದ ‘ಛಿದ್ರಮನಸ್ಕತೆ’ಯಲ್ಲೂ ಅದೇ ಗೊಂದಲಕ್ಕೆ ಎಡೆಯಿದೆ. ನಿಜದಲ್ಲಿ ರೋಗಿಗೆ ಇಲ್ಲದ ದನಿ ಕೇಳಿಸುತ್ತದೆ, ಬುಡವಿಲ್ಲದ ಸಂಶಯ ಕಾಡುತ್ತದೆ, ಮಾತು-ಕೆಲಸಗಳಲ್ಲಿ ಆಸಕ್ತಿ ಕುಗ್ಗುತ್ತದೆ. ಬಹುತೇಕ ರೋಗಿಗಳು ಯಾರ ಮೈಮೇಲೂ ಏರಿ ಹೋಗುವವರಲ್ಲ.

1952ರಲ್ಲಿ ಕ್ಲೋರ್‌ಪ್ರೊಮಜೀನ್ ಬಳಕೆಗೆ ಬಂದು ಚಿಕಿತ್ಸೆಯ ದಾರಿ ತೆರೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಈ ರೋಗಕ್ಕೆ ಔಷಧ ಕೊಡಬಲ್ಲರೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತು. 2017ರ ಕಾಯ್ದೆ ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಿದೆ. ಧಾರವಾಡದ ಆಸ್ಪತ್ರೆಯೂ ಇಂದು ಡಿಮ್ಹಾನ್ಸ್ ಸಂಸ್ಥೆಯಾಗಿದೆ. ಆದರೆ ಹಳೆಯ ಬೈಗುಳಕ್ಕೆ ಅಂಜಿ ಮನೆಯವರು ರೋಗವನ್ನು ಮುಚ್ಚಿಟ್ಟರೆ ಚಿಕಿತ್ಸೆ ತಡವಾಗುತ್ತದೆ. ತಡವಾದಷ್ಟೂ ಚೇತರಿಕೆ ಕಷ್ಟ.