ವನ್ಯಜೀವಿ ಸಂರಕ್ಷಣೆ ಮತ್ತು ಮೃಗಾಲಯ ಜೀವವಿಜ್ಞಾನ: ವ್ಯಾಸಂಗದ ಇತಿಹಾಸ

ಕಾಡಿನ ಪ್ರಾಣಿಯನ್ನೂ ಪಂಜರದ ಪ್ರಾಣಿಯನ್ನೂ ಒಂದೇ ಪದವಿಯಲ್ಲಿ ಓದುವ ರೂಢಿ ಈಚಿನದು. ಇವೆರಡೂ ಬೇರೆ ಬೇರೆ ಮನೆಗಳಲ್ಲಿ ಬೆಳೆದ ವಿದ್ಯೆಗಳು. ಬಹುಕಾಲ ಒಂದಕ್ಕೊಂದು ಮುಖ ಕೊಟ್ಟು ಮಾತಾಡಿರಲಿಲ್ಲ.

ಕಾಡಿನ ವಿದ್ಯೆಗೆ ಮೂಲ ಬೇಟೆಯ ಲೆಕ್ಕಾಚಾರ. ಎಷ್ಟು ಜಿಂಕೆ ಹೊಡೆದರೆ ಮುಂದಿನ ವರ್ಷಕ್ಕೂ ಜಿಂಕೆ ಉಳಿದೀತು ಎಂಬುದು ಅದರ ಮೊದಲ ಪ್ರಶ್ನೆ. 1933ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಈ ವಿಷಯಕ್ಕೆ ಪ್ರಾಧ್ಯಾಪಕ ಹುದ್ದೆ ತೆರೆದು ಆಲ್ಡೊ ಲಿಯೊಪೋಲ್ಡ್ ಅವರನ್ನು ನೇಮಿಸಿತು.

ಮೃಗಾಲಯದ ವಿದ್ಯೆಗೆ ಅಡಿಪಾಯ ಹಾಕಿದವರು ಸ್ವಿಟ್ಜರ್ಲೆಂಡಿನ ಹೈನಿ ಹೆಡಿಗರ್. ಬರ್ನ್, ಬಾಸೆಲ್, ಜ್ಯೂರಿಕ್ ಮೃಗಾಲಯಗಳನ್ನು ನಡೆಸಿದ ಇವರು 1942ರಲ್ಲಿ ಸೆರೆಯ ಪ್ರಾಣಿಗಳ ಕುರಿತು ಗ್ರಂಥ ಬರೆದರು. ಮನುಷ್ಯ ಎಷ್ಟು ಹತ್ತಿರ ಬಂದರೆ ಪ್ರಾಣಿ ಓಟ ಕೀಳುತ್ತದೆ? ಅದನ್ನು ‘ಪಲಾಯನ ದೂರ’ ಎಂದರು. ಹಿಂದೆ ಸರಿಯಲು ಅಷ್ಟೂ ಜಾಗ ಕೊಡದ ಪಂಜರದಲ್ಲಿ ಪ್ರಾಣಿಗೆ ನೆಮ್ಮದಿಯಿಲ್ಲ. ಕಾಡಿನ ಪ್ರಾಣಿ ಮನಬಂದಲ್ಲಿ ಅಲೆಯುವುದಿಲ್ಲ, ಅದಕ್ಕೂ ಗೊತ್ತಾದ ಎಲ್ಲೆ, ಗೊತ್ತಾದ ಜಾಡು, ಗೊತ್ತಾದ ಮಲಗುವ ತಾಣ ಇರುತ್ತವೆ ಎಂದೂ ತೋರಿಸಿದರು. ಆವರಣದ ಅಳತೆಯಷ್ಟೇ ಅದರೊಳಗೆ ಏನಿದೆ ಎಂಬುದೂ ಮುಖ್ಯವಾದದ್ದು ಇಲ್ಲಿಂದ.

ಎರಡನ್ನೂ ಕೂಡಿಸಿದ್ದು 1970ರ ದಶಕ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ, 1975ರಲ್ಲಿ ಜಾರಿಗೆ ಬಂದ ‘ಸೈಟಿಸ್’ ಒಪ್ಪಂದದಿಂದ ಅಪರೂಪದ ಪ್ರಾಣಿಗಳನ್ನು ಕಾಡಿನಿಂದ ತರಿಸಿಕೊಳ್ಳುವುದು ಕಷ್ಟವಾಯಿತು; ಇದ್ದವುಗಳಿಂದಲೇ ಮರಿ ಪಡೆಯಬೇಕಾಯಿತು. 1979ರಲ್ಲಿ ವಾಷಿಂಗ್ಟನ್ ಮೃಗಾಲಯದ ಕ್ಯಾಥರೀನ್ ರಾಲ್ಸ್ ಮತ್ತು ಸಂಗಡಿಗರು 16 ಬಗೆಯ ಗೊರಸುಪ್ರಾಣಿಗಳ ಜನನ-ಮರಣದ ದಾಖಲೆ ಕೆದಕಿದಾಗ, 15ರಲ್ಲಿ ರಕ್ತಸಂಬಂಧಿಗಳಿಗೆ ಹುಟ್ಟಿದ ಮರಿಗಳೇ ಹೆಚ್ಚು ಸತ್ತಿದ್ದವು. ಅಂದಿನಿಂದ ವಂಶಾವಳಿ ಪುಸ್ತಕ ಮತ್ತು ಮರಿಯ ತಂದೆತಾಯಿ ಎಷ್ಟು ಹತ್ತಿರದ ರಕ್ತಸಂಬಂಧಿಗಳೆಂದು ಅಳೆಯುವ ಒಳತಳಿ ಗುಣಾಂಕ ಪಾಠದ ಭಾಗವಾದವು. ತಂದೆ-ಮಗಳ ಕೂಡಿಕೆಯ ಮರಿಗೆ ಈ ಗುಣಾಂಕ 0.25. ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ಕಡೆಯ ವಿದ್ಯಾರ್ಥಿಗೆ ಇದನ್ನು ವಿವರಿಸುವುದು ಸುಲಭ: ಅಂಥ ಮದುವೆಯ ಮಗುವಿಗೆ ಅದು 0.125. ಕಾಡೆಲ್ಲ ತುಂಡುತುಂಡಾಗಿ, ಒಂದೊಂದು ತುಂಡಿನಲ್ಲೂ ಬೆರಳೆಣಿಕೆಯ ಪ್ರಾಣಿಗಳು ಉಳಿದಾಗ ಇದೇ ಲೆಕ್ಕ ಅಲ್ಲಿಗೂ ಬೇಕಾಯಿತು. ಸಂರಕ್ಷಣಾ ಜೀವವಿಜ್ಞಾನಕ್ಕೆ ಹೆಸರು ತಂದ ಸಮ್ಮೇಳನವನ್ನು ಅಮೆರಿಕದ ಜೀವವಿಜ್ಞಾನಿ ಮೈಕೆಲ್ ಸೂಲೆ 1978ರಲ್ಲಿ ಕರೆದದ್ದೂ ಸ್ಯಾನ್ ಡಿಯಾಗೊದ ವನ್ಯಮೃಗ ಉದ್ಯಾನದಲ್ಲಿ. ಮುಂದೆ ಇಂಗ್ಲೆಂಡಿನ ಸಾಲ್ಫರ್ಡ್‌ನಂಥ ವಿಶ್ವವಿದ್ಯಾಲಯಗಳು ಎರಡನ್ನೂ ಸೇರಿಸಿದ ಪದವಿ ನಡೆಸಿದವು.

ಭಾರತದಲ್ಲಿ ಕಾಡಿನ ಓದೇ ಮುಂದೆ. 1970ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಎ.ಜೆ.ಟಿ. ಜಾನ್‌ಸಿಂಗ್ ಬಂಡೀಪುರದಲ್ಲಿ ಸೀಳುನಾಯಿಗಳ ಹಿಂದೆ ಬಿದ್ದು ನಡೆಸಿದ ಅಧ್ಯಯನ ನಂತರದವರಿಗೆ ದಾರಿ ತೋರಿತು. 1982ರಲ್ಲಿ ಡೆಹ್ರಾಡೂನಿನಲ್ಲಿ ಹುಟ್ಟಿದ ಭಾರತೀಯ ವನ್ಯಜೀವಿ ಸಂಸ್ಥೆ 1988ರಲ್ಲಿ ಸೌರಾಷ್ಟ್ರ ವಿಶ್ವವಿದ್ಯಾಲಯದ ಮಾನ್ಯತೆಯೊಂದಿಗೆ ವನ್ಯಜೀವಿ ವಿಜ್ಞಾನದ ಎಂಎಸ್ಸಿ ತೆರೆಯಿತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಅಂಥದೇ ಎಂಎಸ್ಸಿ 2004ರಿಂದ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೂ ವನ್ಯಜೀವಿ ವಿಭಾಗವಿದೆ. ಮೈಸೂರು ಮೃಗಾಲಯ 1892ರದ್ದಾದರೂ ಇಲ್ಲಿ ಮೃಗಾಲಯದ ಕೆಲಸ ಬಹುಕಾಲ ಕೈಪಳಗಿ ಕಲಿಯುವ ಕಸುಬೇ ಆಗಿತ್ತು. 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಬಂದ ಮೇಲೆ ದಾಖಲೆ ಇಡುವ ಶಿಸ್ತು ಬಿಗಿಯಾಯಿತು. ನಮ್ಮ ಪಶ್ಚಿಮ ಘಟ್ಟದ ಸಿಂಗಳೀಕಗಳಲ್ಲಿ ಮೃಗಾಲಯ ಸೇರಿದವುಗಳ ರಾಷ್ಟ್ರೀಯ ವಂಶಾವಳಿ ಸಿದ್ಧವಾದದ್ದು ಡೆಹ್ರಾಡೂನಿನ ಆ ಸಂಸ್ಥೆಯಲ್ಲೇ.