ಹಿಮ್ಮಡಿ ತಿರುಗಿಸುವ ವಿದ್ಯೆ

ಪುಷ್ಯಮಾಸದ ಚಳಿಯಲ್ಲಿ ಕಾಲಿಗೆ ಏರಿಸಿಕೊಳ್ಳುವ ಕೈಹೆಣಿಗೆಯ ಕಾಲುಚೀಲವನ್ನು ನೀವು ಎಂದಾದರೂ ತಿರುವಿ ನೋಡಿದ್ದುಂಟೆ? ಅದರಲ್ಲಿ ಕತ್ತರಿಯ ಕೆಲಸವಿಲ್ಲ. ಉಣ್ಣೆಯ ಒಂದೇ ಎಳೆ ಕುಣಿಕೆಯೊಳಗೆ ಕುಣಿಕೆಯಾಗಿ ಕಣಕಾಲನ್ನು ಸುತ್ತಿ, ಹಿಮ್ಮಡಿಯಲ್ಲಿ ತಿರುಗಿ, ಬೆರಳ ತುದಿಯಲ್ಲಿ ಮುಗಿಯುತ್ತದೆ.

ಉಣ್ಣೆ ನಮ್ಮ ನಾಡಿಗೆ ಹೊಸದಲ್ಲ. ಕುರುಬರ ಕಂಬಳಿ ನಮಗೆ ತಲೆತಲಾಂತರದ ಒಡನಾಡಿ. ಆದರೆ ಕಂಬಳಿ ಮಗ್ಗದ ನೆಯ್ಗೆ. ಕಡ್ಡಿಗಳ ಹೆಣಿಗೆ ಹೊರಗಿನಿಂದ ಬಂದ ಅತಿಥಿ. ಈಜಿಪ್ಟಿನ ಒಣ ನೆಲದಲ್ಲಿ ಉಳಿದುಬಂದ, ಸುಮಾರು 11ರಿಂದ 14ನೆಯ ಶತಮಾನದ, ನೀಲಿ ಬಿಳಿ ಹತ್ತಿಯ ಕಾಲುಚೀಲಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿವೆ. ಇಂಗ್ಲೆಂಡಿನ ವಿಲಿಯಂ ಲೀ ಎಂಬಾತ ಕಾಲುಚೀಲ ಹೆಣೆಯುವ ಯಂತ್ರವನ್ನು ರೂಪಿಸಿದ್ದು 1589ರಲ್ಲಿ. ಕೈಯಿಂದ ಹೆಣೆಯುವ ಕ್ರಮವನ್ನು ಆ ದೇಶದಲ್ಲಿ ಪುಸ್ತಕವೊಂದು ಅಚ್ಚುಹಾಕಿದ್ದಾದರೋ 1655ರಲ್ಲಿ! ಪುಸ್ತಕಕ್ಕಿಂತ ಮೊದಲೇ ಯಂತ್ರ ಬಂದಿತ್ತು. ಹಾಗಾದರೆ ಅಷ್ಟು ಶತಮಾನಗಳ ಕಾಲ ಈ ವಿದ್ಯೆ ಉಳಿದದ್ದು ಹೇಗೆ? ಬಲ್ಲವರ ಪಕ್ಕದಲ್ಲಿ ಕುಳಿತು, ಅವರ ಕೈ ನೋಡಿ, ಕಲಿತವರಿಂದ.

ಬೆಂಗಳೂರಿನಲ್ಲಿ ದಂಡಿನ ಪ್ರದೇಶ ನೆಲೆಗೊಂಡದ್ದು 1809ರಲ್ಲಿ. ಅಲ್ಲಿನ ಐರೋಪ್ಯ ಸಂಸಾರಗಳೊಡನೆ ಹೆಣಿಗೆಯ ಕಡ್ಡಿಗಳೂ ಬಂದವು. ಮುಂದೆ ಮಿಷನ್ನಿನವರ ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದುಬರಹದ ಜೊತೆಗೆ ಸೂಜಿಗೆಲಸವೂ ಪಾಠವಾಯಿತು. ಶಾಲೆಯಲ್ಲಿ ಕಲಿತದ್ದು ಜಗುಲಿಗೆ ಬಂತು. ಅಕ್ಕನಿಂದ ತಂಗಿಗೆ, ಅತ್ತೆಯಿಂದ ಸೊಸೆಗೆ ದಾಟಿತು.

ಕಾಲುಚೀಲ ಕಲಿಯುವವರು ಸಾಮಾನ್ಯವಾಗಿ ಎಡವುವುದು ಹಿಮ್ಮಡಿಯಲ್ಲಿ. ಮೇಲಿನ ಭಾಗ ಬರಿಯ ಕೊಳವೆ. ಕುಣಿಕೆಗಳನ್ನು ಮೂರು ಕಡ್ಡಿಗಳಿಗೆ ಹಂಚಿ, ನಾಲ್ಕನೆಯದರಿಂದ ಸುತ್ತು ಸುತ್ತಾಗಿ ಹೆಣೆದರಾಯಿತು. 64 ಕುಣಿಕೆಗಳಿದ್ದರೆ, ಹಿಮ್ಮಡಿ ಬಂದಾಗ 32ನ್ನು ಮಾತ್ರ ಹಿಡಿದು ಹಿಂದೆ ಮುಂದೆ ಹೆಣೆದು ಪಟ್ಟಿ ಮಾಡಬೇಕು. ಬಳಿಕ ನಡುವನ್ನು ತುಸು ದಾಟಿ, ಸಾಲು ಮುಗಿಯುವ ಮೊದಲೇ ಹಿಂದಿರುಗಬೇಕು. ಪ್ರತಿ ತಿರುವಿನಲ್ಲೂ ಎರಡು ಕುಣಿಕೆಗಳನ್ನು ಒಂದಾಗಿಸುತ್ತ ಹೋದರೆ ಪಟ್ಟಿ ಬಟ್ಟಲಿನಂತೆ ಬಾಗುತ್ತದೆ. ಅರ್ಧದಲ್ಲಿ ಹಿಂದಿರುಗುವುದೆಂದರೆ ಹೊಸಬರಿಗೆ ಎಲ್ಲವೂ ಕೆಟ್ಟಿತೆಂಬ ಭಯ. "ಇರಲಿ ಕಣಮ್ಮ, ಇನ್ನೆರಡು ಸಾಲು ಹೆಣಿ, ತಾನಾಗಿ ಬಾಗುತ್ತೆ" ಎನ್ನುವ ಒಂದು ದನಿ ಆಗ ಬೇಕು.

ಇದು ಹೊತ್ತು ಕಳೆಯುವ ಕೆಲಸವೆಂದು ಭಾವಿಸಬೇಡಿ. 1914ರಲ್ಲಿ ಮಹಾಯುದ್ಧ ಮೊದಲಾದಾಗ ಬ್ರಿಟನ್ನಿನ ರಾಣಿ ಮೇರಿ ಸೈನಿಕರಿಗಾಗಿ 3,00,000 ಜೊತೆ ಕಾಲುಚೀಲ ಬೇಕೆಂದು ಸ್ತ್ರೀಯರನ್ನು ಕೇಳಿಕೊಂಡಳು. ಕಂದಕಗಳ ಕೆಸರುನೀರಿನಲ್ಲಿ ಪಾದ ಕೊಳೆಯದಂತೆ ಕಾಯಲು ಒಣ ಕಾಲುಚೀಲವೇ ಆಧಾರವಾಗಿತ್ತು. ನಮಗೂ ಆ ಪಾಠ 1962ರಲ್ಲಿ ಬಂತು. ಇಂದಿನ ಅರುಣಾಚಲ ಪ್ರದೇಶದಲ್ಲಿ, ಸುಮಾರು 14,000 ಅಡಿ ಎತ್ತರದ ಹಿಮದಲ್ಲಿ, ನಮ್ಮ ಅನೇಕ ಯೋಧರು ಹತ್ತಿಯ ಸಮವಸ್ತ್ರದಲ್ಲೇ ಕಾದಾಡಿದರು. ಅಕ್ಟೋಬರ್ 22ರಂದು ಪ್ರಧಾನಿ ನೆಹರೂ ರೇಡಿಯೋದಲ್ಲಿ ದೇಶವನ್ನುದ್ದೇಶಿಸಿ ಮಾತನಾಡಿದರು. ದೇಶದ ಊರೂರುಗಳಲ್ಲಿ ಗೃಹಿಣಿಯರು, ಶಾಲೆಯ ಹುಡುಗಿಯರು ಜವಾನರಿಗಾಗಿ ಸ್ವೆಟರು, ಕಾಲುಚೀಲ ಹೆಣೆಯಲು ಕುಳಿತರು. ಕಡ್ಡಿ ಹಿಡಿದು ಬಾರದವರು ಬಲ್ಲವರ ಪಕ್ಕ ಸೇರಿದರು.

ಇನ್ನು ಮಾರತ್ತಹಳ್ಳಿಯ ಕಡೆ ಬನ್ನಿ. 1940ರಲ್ಲಿ ವಿಮಾನ ಕಾರ್ಖಾನೆ ಹುಟ್ಟಿದ ನೆಲದ ಮಗ್ಗುಲಿನ ಹಳ್ಳಿ ಇದು. ಈಗ ಹೊರವರ್ತುಲ ರಸ್ತೆ, ಸಾಫ್ಟ್‌ವೇರ್ ಕಚೇರಿ, ಸಿದ್ಧ ಉಡುಪಿನ ಅಂಗಡಿಗಳ ಸಾಲು. ಅಂಗಡಿಗೆ ಹೋದರೆ ಯಂತ್ರದ ಕಾಲುಚೀಲ ಅಗ್ಗಕ್ಕೆ ಸಿಗುತ್ತದೆ. ಕೈಹೆಣಿಗೆ ಏಕೆಂದು ನೀವು ಕೇಳಬಹುದು. ಆದರೆ ನೆರೆಮನೆಯವರ ಹೆಸರೂ ತಿಳಿಯದ ಇಂಥ ಬಡಾವಣೆಗಳಲ್ಲೇ ಉತ್ತರದ ಚಳಿನಾಡುಗಳಿಂದ ಬಂದು ನೆಲೆಸಿದ ಸಂಸಾರಗಳೂ ಇವೆ. ಹೆಣಿಗೆ ಬಲ್ಲ ಅಜ್ಜಿಯೊಬ್ಬರು ನಿಮ್ಮ ಮೆಟ್ಟಿಲ ಸಾಲಿನಲ್ಲೇ ಇರಬಹುದು. ಭಾಷೆ ಬಾರದಿದ್ದರೂ ಕೈ ನೋಡಿ ಕಲಿಯಬಹುದಾದ ವಿದ್ಯೆ ಇದು. ಕೇಳುವವರಿಲ್ಲದೆ ಅವರ ಕಡ್ಡಿಗಳು ಪೆಟ್ಟಿಗೆ ಸೇರಿದರೆ, ಪುಸ್ತಕಕ್ಕಿಂತ ಹಳೆಯದಾದ ಆ ಸರಪಳಿಯ ಒಂದು ಕೊಂಡಿ ಕಳಚಿದಂತೆಯೇ.

ನಮ್ಮ ಹವೆಗೆ ತೆಳು ಉಣ್ಣೆ ಸಾಕು. ಅದರಲ್ಲಿ ಸ್ವಲ್ಪ ನೈಲಾನ್ ಬೆರೆತಿದ್ದರೆ ಹಿಮ್ಮಡಿ ಬೇಗ ಸವೆಯದು. ಒಂದು ಮಾತು ನೆನಪಿರಲಿ: ಮೊದಲನೆಯ ಕಾಲುಚೀಲ ಮುಗಿಸಿದವರಲ್ಲಿ ಅನೇಕರು ಎರಡನೆಯದನ್ನು ಕೈಬಿಡುತ್ತಾರೆ. ಅಲ್ಲಿ ಹೊಸದಾಗಿ ಕಲಿಯುವುದೇನೂ ಇಲ್ಲ. "ಇನ್ನೊಂದು ಎಲ್ಲಿ?" ಎಂದು ಕೇಳುವ ನೆರೆಯವರಿದ್ದರೆ ಸಾಕು.